ದಾಳ ಇಟ್ರೆ ಯುದ್ಧದಾಟ ಬರೀ ಅದೃಷ್ಟದ ಆಟ ಆಗೋಗತ್ತಾ? ದಾಳ, ಕೌಂಟರ್, ಟೋಕನ್ ಬಗ್ಗೆ ಗೊತ್ತಿರೋರು ಹೇಳಿ

ಕೋಟೆಬಾಗಿಲು:
ನಮ್ಮ ಗುಂಪಲ್ಲಿ ಒಂದು ಜಗಳ ಬಗೆಹರೀತಾನೇ ಇಲ್ಲ, ಅದಕ್ಕೆ ಇಲ್ಲಿ ಕೇಳ್ತಿದೀನಿ. ನಾವು ಕೆಲವರು ಭಾನುವಾರ ಸೇರ್ಕೊಂಡು ರಿಸ್ಕ್, ಆಕ್ಸಿಸ್ ಅಂಡ್ ಅಲೈಸ್, ಮೆಮ್ವಾರ್ 44 ಇಂಥ ಯುದ್ಧದ ಬೋರ್ಡ್ ಆಟಗಳನ್ನ ಆಡ್ತೀವಿ. ಈಗ ನಮ್ಮದೇ ಒಂದು ಆಟ ಮಾಡೋಣ ಅಂತ ಹೊರಟಿದೀವಿ, 1799ರ ಶ್ರೀರಂಗಪಟ್ಟಣದ ಮುತ್ತಿಗೆ ಮೇಲೆ. ನಕ್ಷೆ ಬರೆದಾಯ್ತು, ಕಾವೇರಿಯ ಎರಡು ಕವಲು, ಕೋಟೆ, ಸುತ್ತಲ ಮರದ ತೋಪುಗಳು ಎಲ್ಲ ಬಂದಿದೆ. ಸಿಕ್ಕಾಕ್ಕೊಂಡಿರೋದು ದಾಳದಲ್ಲಿ.

ಗುಂಪಲ್ಲಿ ಒಬ್ರು ಚೆಸ್ ಆಡ್ಕೊಂಡೇ ಬೆಳೆದವರು. ಅವರ ಪ್ರಕಾರ ದಾಳ ಬಂತು ಅಂದ್ರೆ ತಲೆ ಓಡಿಸಿದ್ದಕ್ಕೆ ಬೆಲೆನೇ ಇಲ್ಲ. ರಿಸ್ಕ್‌ನಲ್ಲಿ 9 ಸೈನ್ಯ ಇಟ್ಕೊಂಡು 3 ಸೈನ್ಯ ಇದ್ದ ಜಾಗಕ್ಕೆ ನುಗ್ಗಿ ಎಲ್ಲ ಕಳ್ಕೊಂಡ್ರು, ಅವತ್ತಿಂದ ಇದೇ ಮಾತು. ನನಗನ್ಸೋದು ದಾಳ ಇಲ್ದೆ ಯುದ್ಧ ತೋರಿಸೋಕೇ ಆಗಲ್ಲ, ಎಲ್ಲಾ ಲೆಕ್ಕ ಹಾಕಿದ ಹಾಗೇ ನಡೆದ ಯುದ್ಧ ಯಾವ್ದಿದೆ ಹೇಳಿ. ಆದ್ರೆ ಎಷ್ಟು ದಾಳ, ಎಲ್ಲಿ ದಾಳ, ಯಾವ ಥರ ಟೋಕನ್ ಅನ್ನೋದು ನನಗೂ ಸ್ಪಷ್ಟ ಇಲ್ಲ. ಅನುಭವ ಇರೋರು ದಯವಿಟ್ಟು ಬರೀರಿ.

ಗಣಿತದಮೇಷ್ಟ್ರು:
ಮೊದಲು ಆ ರಿಸ್ಕ್ ಸೋಲಿನ ಲೆಕ್ಕ ನೋಡಿಬಿಡೋಣ. 9 ಸೈನ್ಯದಲ್ಲಿ ಒಂದು ಹಿಂದೆ ಉಳೀಬೇಕು, ದಾಳಿಗೆ ಸಿಗೋದು 8. ಎಂಟಕ್ಕೆ ಮೂರು ಅಂದ್ರೆ ದಾಳಿಕೋರ ಗೆಲ್ಲೋ ಸಾಧ್ಯತೆ ಹತ್ತಿರ ಹತ್ತಿರ ಶೇ. 95. ಅಂದ್ರೆ ಇಪ್ಪತ್ತು ಸಲ ಹೀಗೆ ನುಗ್ಗಿದ್ರೆ ಒಂದ್ಸಲ ಸೋಲ್ತಾರೆ, ಅವರಿಗೆ ಬಿದ್ದಿದ್ದು ಆ ಒಂದು ಸಲ ಅಷ್ಟೇ. ಇದನ್ನ ಬರೀ ಅದೃಷ್ಟದ ಆಟ ಅಂತ ಹೇಗೆ ಕರೀತೀರಿ? ಹತ್ತೊಂಬತ್ತು ಸಲ ಲೆಕ್ಕ ಗೆಲ್ಲತ್ತಲ್ಲ.

ರಿಸ್ಕ್‌ನಲ್ಲಿ ನಿಜವಾದ ಜಾಣತನ ಇರೋದು ದಾಳದ ಸಂಖ್ಯೆಯಲ್ಲಿ. ದಾಳಿಗೆ ಹೆಚ್ಚಂದ್ರೆ 3 ದಾಳ, ರಕ್ಷಣೆಗೆ ಹೆಚ್ಚಂದ್ರೆ 2, ದೊಡ್ಡದಕ್ಕೆ ದೊಡ್ಡದು ಜೋಡಿಸಿ ನೋಡೋದು, ಸಮ ಬಿದ್ರೆ ರಕ್ಷಣೆಯವರಿಗೆ ಗೆಲುವು. ಮೂರಕ್ಕೆ ಎರಡು ಉರುಳಿಸಿದ್ರೆ ಒಟ್ಟು 7776 ಥರ ಬೀಳಬಹುದು, ಅದರಲ್ಲಿ 2890ರಲ್ಲಿ ರಕ್ಷಣೆಯವರದ್ದು ಎರಡೂ ಹೋಗತ್ತೆ, 2275ರಲ್ಲಿ ದಾಳಿಕೋರನ ಎರಡೂ ಹೋಗತ್ತೆ, ಉಳಿದ 2611ರಲ್ಲಿ ತಲಾ ಒಂದೊಂದು. ಅಂದ್ರೆ ಶೇ. 37, 29, 34. ದಾಳಿಕೋರನಿಗೆ ಸ್ವಲ್ಪ ಲಾಭ. ಅದೇ ನಿಮ್ಮ ಹತ್ರ 3 ಸೈನ್ಯ ಮಾತ್ರ ಇದ್ದು 2 ದಾಳದಲ್ಲಿ 2 ದಾಳದ ಮೇಲೆ ಹೋದ್ರೆ ಪೂರ್ತಿ ಉಲ್ಟಾ, ಎರಡೂ ಕಳ್ಕೊಳೋ ಸಾಧ್ಯತೆ ಶೇ. 45ರ ಹತ್ರ, ಎರಡೂ ಗೆಲ್ಲೋದು ಶೇ. 23 ಕೂಡ ಇಲ್ಲ. ಒಂದಕ್ಕೆ ಒಂದು ಆದ್ರೆ ದಾಳಿಕೋರ ಗೆಲ್ಲೋದು 36ರಲ್ಲಿ 15 ಸಲ. ಇದು ಗೊತ್ತಿರೋನು ಎಲ್ಲಿ ನಿಲ್ಲಿಸ್ಬೇಕು ಅಂತ ತಿಳ್ಕೊಂಡಿರ್ತಾನೆ. ಸೈನ್ಯ ಮೂರಕ್ಕೆ ಇಳಿದ್ಮೇಲೂ ಹಠಕ್ಕೆ ಬಿದ್ದು ಉರುಳಿಸೋರೇ ಜಾಸ್ತಿ.

ಸುಮ್ನೆಓದುವವ:
ಸಮ ಬಿದ್ರೆ ರಕ್ಷಣೆಗೆ ಅನ್ನೋ ಒಂದೇ ನಿಯಮಕ್ಕೆ ಇಷ್ಟು ಬಲ ಇದೆ ಅಂತ ಇವತ್ತೇ ಗೊತ್ತಾಗಿದ್ದು.

ನೇರಮಾತು:
ದಾಳ ಬೇಡ ಅನ್ನೋರಿಗೆ ಡಿಪ್ಲೊಮೆಸಿ ಅನ್ನೋ ಆಟ ಇದ್ಯಲ್ಲ. 1959ರಲ್ಲೇ ಆಲನ್ ಕ್ಯಾಲ್ಹ್ಯಾಮರ್ ಹೊರತಂದಿದ್ದು, ಒಂದು ದಾಳ ಇಲ್ಲ. ಎಲ್ರೂ ಆಜ್ಞೆ ಬರೆದಿಟ್ಟು ಒಟ್ಟಿಗೆ ಬಿಚ್ಚೋದು, ಯಾರಿಗೆ ಹೆಚ್ಚು ಬೆಂಬಲ ಇದೆಯೋ ಅವರ ಸೈನ್ಯ ಮುಂದೆ. ಅಷ್ಟೇ. ಜಗಳ ಮುಗೀತು.

ಕರಾವಳಿಕಡೆಯವ:
ಮುಗಿಯುವುದು ಎಲ್ಲಿಂದ ಮಾರಾಯ್ರೆ, ಅದರಲ್ಲಿ ದಾಳದ ಬದಲು ಎದುರು ಕೂತ ಮನುಷ್ಯನೇ ಉಂಟಲ್ಲ. ಅವ ಮಾತು ಉಳಿಸ್ಕೊಳ್ತಾನಾ ಕೈ ಕೊಡ್ತಾನಾ ಅಂತ ಗೊತ್ತಿಲ್ಲ, ಅದೇ ಅನಿಶ್ಚಿತತೆ. ಮುತ್ತಿಗೆ ಆಟಕ್ಕೆ ಅದು ಆಗ್ಲಿಕ್ಕಿಲ್ಲ, ಇಬ್ಬರೇ ಆಡುವುದಾದ್ರೆ ಯಾರ ಜೊತೆ ಸಂಧಾನ ಮಾಡುವುದು?

ಷಡ್ಭುಜ:
ನಾನು ಹೆಕ್ಸ್ ಮ್ಯಾಪ್, ಅಂದ್ರೆ ಆರು ಮೂಲೆಯ ಮನೆಗಳಿರೋ ನಕ್ಷೆ ಮೇಲೆ ರಟ್ಟಿನ ಕೌಂಟರ್ ಇಟ್ಟು ಆಡೋ ಹಳೇ ಥರದ ಯುದ್ಧದಾಟಗಳ ಪಕ್ಷ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಚಾರ್ಲ್ಸ್ ರಾಬರ್ಟ್ಸ್ ಅನ್ನೋರು 1954ರಲ್ಲಿ ಟ್ಯಾಕ್ಟಿಕ್ಸ್ ಅಂತ ಒಂದು ಆಟ ತಂದ್ರು, ಆಮೇಲೆ ಅವಲಾನ್ ಹಿಲ್ ಕಂಪನಿ ಕಟ್ಟಿದ್ರು. ಇವತ್ತು ನಾವು ಯುದ್ಧದಾಟ ಅನ್ನೋದರ ಅರ್ಧ ಪದ್ಧತಿ ಅಲ್ಲಿಂದ ಬಂದಿದ್ದು. ಅವರಲ್ಲಿ ದಾಳ ಒಂದೇ, ಆದ್ರೆ ದಾಳ ನೇರವಾಗಿ ಏನೂ ಹೇಳಲ್ಲ, ಒಂದು ಫಲಿತಾಂಶದ ಪಟ್ಟಿ ಇರತ್ತೆ. ದಾಳಿಕೋರನ ಒಟ್ಟು ಬಲವನ್ನ ರಕ್ಷಣೆಯ ಬಲದಿಂದ ಭಾಗಿಸಿ 1ಕ್ಕೆ 1, 2ಕ್ಕೆ 1, 3ಕ್ಕೆ 1 ಅಂತ ಕಾಲಂ ಹುಡುಕ್ಬೇಕು, ಆ ಕಾಲಂನಲ್ಲಿ ದಾಳದ ಸಾಲು ನೋಡ್ಬೇಕು. ಭಾಗಿಸುವಾಗ ಉಳಿಕೆ ಯಾವಾಗ್ಲೂ ರಕ್ಷಣೆಯವರ ಪಾಲಿಗೆ. 12 ಬಲ 4ರ ಮೇಲೆ ಹೋದ್ರೆ 3ಕ್ಕೆ 1. ಅದೇ 11 ಬಲ 4ರ ಮೇಲೆ ಹೋದ್ರೆ ಎರಡೂ ಮುಕ್ಕಾಲು ಅಂತ ಲೆಕ್ಕ ಇಲ್ಲ, 2ಕ್ಕೆ 1 ಕಾಲಂಗೆ ಬಿದ್ದೋಗ್ತೀರ. ಅವಲಾನ್ ಹಿಲ್‌ನ ಹಳೇ ಪಟ್ಟಿಯಲ್ಲಿ 3ಕ್ಕೆ 1 ಇದ್ರೆ ದಾಳಿಕೋರ ಒಬ್ಬನೇ ನಿರ್ನಾಮ ಆಗೋ ಫಲಿತಾಂಶವೇ ಇಲ್ಲ, 2ಕ್ಕೆ 1ರಲ್ಲಿ ಅದು ಇದೆ. ಹಾಗಾಗಿ ಆ ಒಂದು ಪಾಯಿಂಟ್ ಬಲಕ್ಕೋಸ್ಕರ ಅರ್ಧ ಗಂಟೆ ಯೋಚಿಸ್ತಾರೆ ಜನ. ಯಾವ ದಳ ಎಲ್ಲಿಂದ ತರ್ಲಿ, ಅದು ಈ ಸರದಿಯಲ್ಲಿ ತಲುಪತ್ತಾ, ಅದನ್ನ ಎತ್ತಿದ್ರೆ ಅಲ್ಲಿ ಬಿರುಕು ಬೀಳತ್ತಾ ಅಂತ. ದಾಳ ಕೈಗೆ ಬರೋ ಹೊತ್ತಿಗೆ ಕೆಲಸ ಮುಕ್ಕಾಲು ಮುಗಿದಿರತ್ತೆ. ದಾಳ ಇದ್ರೆ ತಲೆಗೆ ಬೆಲೆ ಇಲ್ಲ ಅನ್ನೋರು ಇಂಥ ಒಂದು ಆಟ ಕೂತು ಆಡಿ ಆಮೇಲೆ ಮಾತಾಡ್ಲಿ.

ಕವಡಿಕಾಯಿ:
ಅವಲಾನ್ ಹಿಲ್‌ಗೂ ಮೊದಲ ನಮ್ಮ ಮನ್ಯಾಗ ಐತಲ್ರೀ ಇದು. ಚೌಕಾಬಾರದಾಗ ನಾಕು ಕವಡಿ ಒಗದು ಎಷ್ಟು ಅಂಗಾತ ಬಿದ್ದಾವ ಅಷ್ಟು ಗರ, ನಾಕೂ ಅಂಗಾತ ಬಿದ್ರ ನಾಕು, ನಾಕೂ ಬೋರಲ ಬಿದ್ರ ಎಂಟು. ಆರು ಮುಖದ ದಾಳಿನಂಗ ಎಲ್ಲಾ ಸಮ ಬೀಳಂಗಿಲ್ಲ ಇದು, ಎರಡು ಬೀಳೂದು ಭಾಳ, ಎಂಟು ಬೀಳೂದು ಕಡಿಮಿ. ನಮ್ಮ ಅಜ್ಜಿಗೆ ಗಣಿತ ಬರ್ತಿರ್ಲಿಲ್ಲ ಆದ್ರ ಎದುರಾಳಿ ಕಾಯಿಗಿಂತ ಎರಡು ಮನಿ ಮುಂದ ತನ್ನ ಕಾಯಿ ಯಾವತ್ತೂ ನಿಲ್ಲಸ್ತಿರ್ಲಿಲ್ಲ. ಕಡಿಸ್ಕೊಳ್ಳೂ ಭಯ ಎಲ್ಲಿ ಹೆಚ್ಚು ಅಂತ ಕೈಗೆ ಗೊತ್ತಿತ್ತು. ಎರಡು ಕಾಯಿ ಕೂಡಿಸಿ ಗಟ್ಟಿ ಮಾಡೂದು, ಮನಿ ಹಿಡಿಯೂದು, ಎಲ್ಲಾ ಯುದ್ಧದ ತಂತ್ರನ ಅಲ್ಲೇನ್ರಿ?

ಸುಮ್ನೆಓದುವವ:
ನಮ್ಮಲ್ಲಿ ಕವಡೆ ಇಲ್ದಿದ್ರೆ ಹುಣಸೆ ಬೀಜ ಉಜ್ಜಿ ಒಂದು ಕಡೆ ಬಿಳಿ ಮಾಡಿ ಆಡ್ತಿದ್ರು.

ನೇರಮಾತು:
ಚೌಕಾಬಾರ ಓಟದ ಆಟ, ಯುದ್ಧದಾಟ ಅಲ್ಲ. ವಿಷಯಕ್ಕೆ ಬನ್ನಿ.

ಕವಡಿಕಾಯಿ:
ಕಾಯಿ ಕಡಿಯೂದು ಐತಿ, ಕೋಟಿಯಂಥ ಮನಿ ಐತಿ, ಇನ್ನೇನ್ ಬೇಕು? ಸುಮ್ಮ ವಾದಕ್ಕ ವಾದ ಮಾಡಬ್ಯಾಡ್ರಿ.

ರೈನ್‌ತೀರ:
ಜರ್ಮನಿಯಲ್ಲಿದ್ದೀನಿ, ಇಲ್ಲಿನ ಕಥೆ ಹೇಳ್ಲೇಬೇಕು. ಸೈನ್ಯದವರೇ ತರಬೇತಿಗೆ ದಾಳ ಬಳಸಿದ್ದು ಆಗಿನ ಜರ್ಮನ್ ರಾಜ್ಯ ಪ್ರಷ್ಯಾದಲ್ಲಿ. ರೈಸ್‌ವಿಟ್ಸ್ ಅಂತ ಅಪ್ಪ ಮಗ ಇದ್ರು, ಅಪ್ಪ 1812ರಲ್ಲಿ ರಾಜನಿಗೆ ಒಂದು ಮೇಜು ಮಾಡಿಕೊಟ್ರು, ಗುಡ್ಡ ಹೊಳೆ ಇರೋ ಬಿಲ್ಲೆಗಳನ್ನ ಜೋಡಿಸಿ ಯುದ್ಧಭೂಮಿ ಕಟ್ಟೋದು. ಮಗ ಸೈನ್ಯದಲ್ಲಿ ಅಧಿಕಾರಿ, ಅವನು 1824ರಲ್ಲಿ ಅದನ್ನ ಪೂರ್ತಿ ನಿಯಮ ಇರೋ ಕ್ರೀಗ್ಸ್‌ಶ್ಪೀಲ್, ಅಂದ್ರೆ ಯುದ್ಧದಾಟ ಮಾಡಿದ. 8000ಕ್ಕೆ 1ರ ಅಳತೆಯ ನಕ್ಷೆ, ಅದೇ ಅಳತೆಗೆ ಮಾಡಿದ ಕೆಂಪು ನೀಲಿ ಲೋಹದ ತುಂಡುಗಳು. ಅಂದ್ರೆ ಒಂದು ದಳ ಸಾಲಾಗಿ ನಿಂತ್ರೆ ಎಷ್ಟು ಅಗಲ ಇರತ್ತೋ ನಕ್ಷೆ ಮೇಲೆ ಆ ಟೋಕನ್ ಅಷ್ಟೇ ಅಗಲ. ಸೇತುವೆ ಮೇಲೆ ಹಿಡಿಸಲ್ಲ ಅಂದ್ರೆ ನಿಜವಾಗ್ಲೂ ಹಿಡಿಸಲ್ಲ. ಒಂದು ಸರದಿ ಅಂದ್ರೆ ಎರಡು ನಿಮಿಷ. ಗುಂಡು ಹಾರಿಸಿದ್ರೆ ಎಷ್ಟು ಜನ ಬಿದ್ರು ಅಂತ ದಾಳ ಹೇಳ್ತಿತ್ತು. ಇಬ್ರ ಮಧ್ಯೆ ಒಬ್ಬ ತೀರ್ಪುಗಾರ ಕೂತಿರ್ತಿದ್ದ, ಶತ್ರು ಕಣ್ಣಿಗೆ ಬೀಳೋವರೆಗೂ ಟೋಕನ್ ನಕ್ಷೆ ಮೇಲೆ ಇಡ್ತಿರ್ಲಿಲ್ಲ.

ಆದ್ರೆ ಕೋಟೆಬಾಗಿಲು ಅವರ ಗೆಳೆಯರ ಪರವಾಗಿಯೂ ಒಂದು ಮಾತಿದೆ. 1876ರಲ್ಲಿ ವೆರ್ಡಿ ದ್ಯು ವೆರ್ನ್ವಾ ಅನ್ನೋ ಪ್ರಷ್ಯನ್ ಅಧಿಕಾರಿ, ಈ ಪಟ್ಟಿ ಈ ದಾಳ ಎಲ್ಲ ಭಾರ, ಅನುಭವಸ್ಥ ತೀರ್ಪುಗಾರನೇ ಫಲಿತಾಂಶ ಹೇಳ್ಲಿ ಅಂತ ವಾದ ಮಾಡಿ ದಾಳ ಬಿಟ್ಟುಬಿಟ್ಟ. ಅಂದ್ರೆ ನಿಮ್ಮ ಜಗಳಕ್ಕೆ ನೂರೈವತ್ತು ವರ್ಷ ಆಗಿದೆ.

ತೋಪುಖಾನೆ:
ತೀರ್ಪುಗಾರನ ಕೈಗೆ ಕೊಟ್ರೆ ಏನಾಗತ್ತೆ ಅನ್ನೋದಕ್ಕೆ ಎರಡನೇ ಮಹಾಯುದ್ಧದ ಮಿಡ್‌ವೇ ನೋಡಿ. 1942ರ ಮೇನಲ್ಲಿ ಜಪಾನಿ ನೌಕಾಪಡೆಯವರು ಯಮಾಟೊ ಹಡಗಿನಲ್ಲಿ ಕೂತು ಮಿಡ್‌ವೇ ದಾಳಿಯನ್ನ ಟೇಬಲ್ ಮೇಲೆ ಆಡಿ ನೋಡಿದ್ರು. ಜಪಾನಿ ನೌಕಾಧಿಕಾರಿಗಳಾದ ಫುಚಿದಾ ಮತ್ತು ಓಕುಮಿಯಾ ಬರೆದಿರೋ ಪ್ರಕಾರ, ಅಮೆರಿಕದ ವಿಮಾನಗಳ ದಾಳಿಗೆ ದಾಳ ಉರುಳಿಸಿದಾಗ 9 ಬಾಂಬ್ ತಗುಲಿ ಅಕಾಗಿ, ಕಾಗಾ ಎರಡೂ ವಿಮಾನವಾಹಕ ಮುಳುಗಿದ್ವು. ಆಟ ನಡೆಸ್ತಿದ್ದ ಅಡ್ಮಿರಲ್ ಉಗಾಕಿ ಇಲ್ಲ ಇಲ್ಲ ಬರೀ 3 ಅಂತ ತಿದ್ದಿದ, ಅಕಾಗಿ ಬದುಕಿತು. ಜೂನ್ 4ಕ್ಕೆ ನಿಜವಾದ ಯುದ್ಧದಲ್ಲಿ ಜಪಾನಿನ ನಾಲ್ಕು ವಾಹಕಗಳು ಹೋದ್ವು. ದಾಳ ಹೇಳಿದ್ದನ್ನ ಕೇಳಿದ್ರೆ ಏನಾಗ್ತಿತ್ತೋ.

ಷಡ್ಭುಜ:
ಇದನ್ನ ಎಲ್ರೂ ಹೀಗೇ ಹೇಳ್ತಾರೆ, ಆದ್ರೆ ಪೂರ್ತಿ ನೋಡಿ. ಆ ಆಟದಲ್ಲಿ ದಾಳಿ ಬಂದಿದ್ದು ಮಿಡ್‌ವೇ ದ್ವೀಪದಿಂದ ಎದ್ದ ವಿಮಾನಗಳಿಂದ. ನಿಜವಾದ ಯುದ್ಧದಲ್ಲಿ ದ್ವೀಪದಿಂದ ಹೋದ ಬಿ-17 ಬಾಂಬರ್‌ಗಳು ಎತ್ತರದಿಂದ ಬಾಂಬ್ ಹಾಕಿ ಒಂದೂ ತಗುಲ್ಲಿಲ್ಲ. ವಾಹಕಗಳನ್ನ ಮುಳುಗಿಸಿದ್ದು ಅಮೆರಿಕದ ವಾಹಕಗಳಿಂದ ಬಂದ ಡೈವ್ ಬಾಂಬರ್‌ಗಳು. ಹಾಗಾಗಿ 9 ಜಾಸ್ತಿ ಆಯ್ತು ಅಂತ ಉಗಾಕಿ ತಿದ್ದಿದ್ದರಲ್ಲಿ ತರ್ಕ ಇತ್ತು. ನನ್ನ ಪ್ರಕಾರ ಇದರಿಂದ ಕಲಿಯೋದು ಬೇರೆನೇ ಇದೆ. ದಾಳಕ್ಕೆ ಅವರು ಕೊಟ್ಟಿದ್ದ ಸಾಧ್ಯತೆಯೇ ಸರಿ ಇರ್ಲಿಲ್ಲ, ಮತ್ತೆ ಶತ್ರುವಿನ ವಾಹಕಗಳು ಹತ್ತಿರದಲ್ಲೇ ಕಾಯ್ತಿರಬಹುದು ಅನ್ನೋದನ್ನ ಗಟ್ಟಿಯಾಗಿ ಆಡಿ ನೋಡಿರ್ಲಿಲ್ಲ. ದಾಳ ತಪ್ಪು ಪ್ರಶ್ನೆಗೆ ಸರಿ ಉತ್ತರ ಕೊಡಲ್ಲ.

ತೋಪುಖಾನೆ:
ಒಪ್ಪಲ್ಲ. ಬಿದ್ದ ದಾಳವನ್ನ ದೊಡ್ಡ ಅಧಿಕಾರಿ ತಿದ್ದಬಹುದು ಅಂತಾದ್ರೆ ಆ ಆಟದಿಂದ ಕೆಟ್ಟ ಸುದ್ದಿ ಹೊರಗೆ ಬರೋದೇ ಇಲ್ಲ. ಸಂಖ್ಯೆ ಸರಿನೋ ತಪ್ಪೋ, ಆಮೇಲೆ ಕೂತು ಚರ್ಚೆ ಮಾಡ್ಬೇಕಿತ್ತು.

ಕುದುರೆನಡಿಗೆ:
ಲಿಂಕ್ ಕಳಿಸಿದ್ರು, ಓದಿದೆ. ಆ ಚೆಸ್ ಆಡೋನು ನಾನೇ. ನಾನು ಹೇಳಿದ್ದನ್ನ ಅರ್ಧ ಬರೆದಿದ್ದಾರೆ, ಪೂರ್ತಿ ನಾನೇ ಹೇಳ್ತೀನಿ.

ನನಗೆ ಅನಿಶ್ಚಿತತೆ ಮೇಲೆ ಸಿಟ್ಟಿಲ್ಲ. ದಾಳ ಯಾವಾಗ ಬೀಳತ್ತೆ ಅನ್ನೋದು ನನ್ನ ತಕರಾರು. ಕವಡಿಕಾಯಿ ಅವರು ಹೇಳಿದ ಚೌಕಾಬಾರದಲ್ಲಿ ಗರ ಮೊದಲು ಬೀಳತ್ತೆ, ಆಮೇಲೆ ಯಾವ ಕಾಯಿ ನಡೆಸ್ಬೇಕು ಅಂತ ನಾನು ಆರಿಸ್ತೀನಿ. ಕೆಟ್ಟ ಗರ ಬಿದ್ರೂ ನನ್ನ ಕೈಯಲ್ಲಿ ಇನ್ನೂ ಏನೋ ಇದೆ. ರಿಸ್ಕ್‌ನಲ್ಲಿ ನಾನು ಮೊದಲು ತೀರ್ಮಾನ ಮಾಡಿ ಸೈನ್ಯ ನುಗ್ಗಿಸ್ತೀನಿ, ಆಮೇಲೆ ದಾಳ ಬಿದ್ದು ನನ್ನ ತೀರ್ಮಾನವನ್ನ ಅಳಿಸಿಹಾಕತ್ತೆ, ಮತ್ತೆ ನಾನು ಮಾಡೋದೇನೂ ಉಳಿದಿಲ್ಲ. ಇವೆರಡೂ ಒಂದೇ ಅಲ್ಲ. ಮೊದಲನೇದು ಎಷ್ಟಾದ್ರೂ ಇರ್ಲಿ. ಎರಡನೇದು ಕಡಿಮೆ ಇರ್ಲಿ, ಇದ್ರೂ ಆಟದ ಅತಿ ದೊಡ್ಡ ಘಟನೆ ಒಂದೇ ಉರುಳಿಕೆ ಮೇಲೆ ನಿಲ್ಬಾರ್ದು.

ಕೋಟೆಬಾಗಿಲು:
ಇಷ್ಟು ಸ್ಪಷ್ಟವಾಗಿ ಭಾನುವಾರ ಹೇಳಿದ್ರೆ ಇಲ್ಲಿ ಬರೀಬೇಕಾಗ್ತಾನೇ ಇರ್ಲಿಲ್ಲ! ಆದ್ರೆ ಲಗ್ಗೆ ಹಾಕಿದ ಮೇಲೆ ಏನಾಗತ್ತೆ ಅಂತ ಸೇನಾಪತಿಗೂ ಗೊತ್ತಿರಲ್ಲ ಅಲ್ವಾ, ಅದನ್ನ ಹೇಗೆ ತೋರ್ಸೋದು?

ರೈನ್‌ತೀರ:
ಚೆಸ್‌ನವರಿಗೆ ಒಂದು ವಿಷಯ, ನಮ್ಮ ಚತುರಂಗಕ್ಕೂ ದಾಳ ಇತ್ತು. ಹನ್ನೊಂದನೇ ಶತಮಾನದಲ್ಲಿ ಅಲ್ ಬಿರೂನಿ ಅನ್ನೋ ವಿದ್ವಾಂಸ ಭಾರತದ ಬಗ್ಗೆ ಬರೆದಾಗ ನಾಲ್ಕು ಜನ ಆಡೋ ಚತುರಂಗ ವಿವರಿಸ್ತಾನೆ, ದಾಳ ಬಿದ್ದ ಹಾಗೆ ಯಾವ ಕಾಯಿ ನಡೀಬೇಕು ಅಂತ ತೀರ್ಮಾನ. ಅಂದ್ರೆ ನೀವು ಹೇಳಿದ ಮೊದಲನೇ ಥರದ್ದೇ, ದಾಳ ಮೊದಲು ಆಯ್ಕೆ ಆಮೇಲೆ.

ಕುದುರೆನಡಿಗೆ:
ಇದು ಗೊತ್ತಿರ್ಲಿಲ್ಲ, ಥ್ಯಾಂಕ್ಸ್. ನಮ್ಮೂರು ಮೈಸೂರು, ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದಲ್ಲಿ ಕುದುರೆ ಇಡೀ ಮಣೆ ಸುತ್ತಿ ಬರೋ ಸಮಸ್ಯೆಗಳನ್ನ ರಚಿಸಿದ್ದು ಓದಿ ಬೆಳೆದವನು ನಾನು, ಹಾಗಾಗಿ ಚದುರಂಗ ಅಂದ್ರೆ ಶುದ್ಧ ಲೆಕ್ಕ ಅಂತಲೇ ತಲೆಯಲ್ಲಿ ಕೂತಿದೆ.

ಹಡಗುಗಾರ:
ಆಕ್ಸಿಸ್ ಅಂಡ್ ಅಲೈಸ್ ಆಡೋರಿಗೆ ಇದಕ್ಕೆ ಒಂದು ದಾರಿ ಗೊತ್ತು. ಅಲ್ಲಿ ಕಾಲಾಳು ದಾಳಿಯಲ್ಲಿ 1, ರಕ್ಷಣೆಯಲ್ಲಿ 2, ಟ್ಯಾಂಕ್ ದಾಳಿಯಲ್ಲಿ 3, ಬಾಂಬರ್ 4. ಆ ಸಂಖ್ಯೆ ಅಥವಾ ಅದಕ್ಕಿಂತ ಕಡಿಮೆ ಬಿದ್ರೆ ಏಟು. ಮಾಮೂಲಿ ಆಟದಲ್ಲಿ ಪ್ರತಿ ಕಾಯಿಗೂ ಒಂದೊಂದು ದಾಳ. ಇದನ್ನ ಸಹಿಸದವರು ಲೋ ಲಕ್ ಅಂತ ಆಡ್ತಾರೆ. 6 ಕಾಲಾಳು 3 ಟ್ಯಾಂಕ್ ದಾಳಿಗೆ ಹೋದ್ರೆ ಒಟ್ಟು 6 ಪ್ಲಸ್ 9, 15. ಅದನ್ನ 6ರಿಂದ ಭಾಗಿಸಿ, 2 ಏಟು ಗ್ಯಾರಂಟಿ, ಉಳಿದ 3ಕ್ಕೆ ಒಂದೇ ದಾಳ, 3 ಅಥವಾ ಕಡಿಮೆ ಬಿದ್ರೆ ಮೂರನೇ ಏಟು. ದಾಳ ಪೂರ್ತಿ ಹೋಗಲ್ಲ, ಆದ್ರೆ ಒಂಬತ್ತು ದಾಳ ಉರುಳಿಸಿ ಸೊನ್ನೆ ಏಟು ಅನ್ನೋ ಅನಾಹುತ ಇಲ್ಲ.

ತೋಪುಖಾನೆ:
ಲೋ ಲಕ್ ಆಡಿದೀನಿ, ಪ್ರಾಣವೇ ಹೋಗತ್ತೆ ಆಟದ್ದು. ಎಲ್ರೂ ಒಂದು ಏಟಿನ ಅಂತರಕ್ಕೆ ಲೆಕ್ಕ ಹಾಕ್ಕೊಂಡು ಬರ್ತಾರೆ, ಹೆಚ್ಚಿಗೆ ಒಬ್ಬ ಕಾಲಾಳನ್ನೂ ಮೀಸಲು ಇಡಲ್ಲ. ನಿಜವಾದ ಸೇನಾಪತಿ ಮೀಸಲು ಪಡೆ ಇಡೋದೇ ಕೆಟ್ಟ ದಿನಕ್ಕೆ ಅಂತ. ಕೆಟ್ಟ ದಿನವನ್ನೇ ನಿಯಮದಿಂದ ತೆಗೆದ್ರೆ ಮೀಸಲು ಯಾಕೆ ಬೇಕು?

ಗಣಿತದಮೇಷ್ಟ್ರು:
ತೋಪುಖಾನೆ ಹೇಳಿದ್ದು ಸರಿ. ಆದ್ರೆ ಕುದುರೆನಡಿಗೆ ಅವರ ಚಿಂತೆಗೂ ನಿಯಮ ತಿರುಚದೇನೇ ಪರಿಹಾರ ಇದೆ, ದಾಳದ ಸಂಖ್ಯೆ ಹೆಚ್ಚು ಮಾಡೋದು. ಒಂದು ದಾಳ ಹಾಕಿದ್ರೆ 1ರಿಂದ 6ರವರೆಗೆ ಎಲ್ಲಾ ಸಮ. ಎರಡು ಕೂಡಿಸಿದ್ರೆ 36ರಲ್ಲಿ 6 ಸಲ 7 ಬೀಳತ್ತೆ, 2 ಬೀಳೋದು ಒಂದೇ ಸಲ. ಕ್ಯಾಟಾನ್ ಆಡಿರೋರಿಗೆ ಇದು ಗೊತ್ತು, ಅದರ ನಂಬರ್ ಬಿಲ್ಲೆಗಳ ಮೇಲೆ ಚುಕ್ಕೆ ಇರೋದೇ ಅದಕ್ಕೆ, 6 ಮತ್ತು 8 ಕೆಂಪಲ್ಲಿ ಬರೆದಿರೋದೂ ಅದಕ್ಕೆ. ಹತ್ತು ದಾಳ ಕೂಡಿಸಿದ್ರೆ ಸರಾಸರಿ 35, ಮತ್ತೆ ಮೂರರಲ್ಲಿ ಎರಡು ಸಲಕ್ಕಿಂತ ಹೆಚ್ಚು 30ರಿಂದ 40ರ ಒಳಗೇ ಬೀಳತ್ತೆ. ವಾರ್‌ಹ್ಯಾಮರ್‌ನಲ್ಲಿ ಬೊಗಸೆ ತುಂಬ ದಾಳ ಉರುಳಿಸ್ತಾರಲ್ಲ, ಗುರಿ ತಗುಲ್ತಾ, ಗಾಯ ಆಯ್ತಾ, ಕವಚ ಉಳಿಸ್ತಾ ಅಂತ ಮೂರು ಹಂತ. 3 ಅಥವಾ ಹೆಚ್ಚು, 4 ಅಥವಾ ಹೆಚ್ಚು, ಆಮೇಲೆ ಎದುರಾಳಿ ಕವಚ 5 ಅಥವಾ ಹೆಚ್ಚು ಅಂತಿಟ್ಕೊಂಡ್ರೆ 20 ದಾಳಕ್ಕೆ ಸರಾಸರಿ ನಾಲ್ಕೂವರೆ ಏಟು ಒಳಗೆ ಹೋಗತ್ತೆ. ನೋಡೋಕೆ ಗೊಂದಲ, ಆದ್ರೆ ಆಡ್ತಾ ಆಡ್ತಾ ಊಹೆ ಸರಿಯಾಗೇ ಕೂರತ್ತೆ.

ಹಡಗುಗಾರ:
ಮೆಮ್ವಾರ್ 44ರ ದಾಳ ಯಾರೂ ಹೇಳ್ಲಿಲ್ಲ. ಸಂಖ್ಯೆನೇ ಇಲ್ಲ ಅದರಲ್ಲಿ. ಎರಡು ಮುಖ ಕಾಲಾಳು, ಒಂದು ಟ್ಯಾಂಕ್, ಒಂದು ಗ್ರೆನೇಡ್, ಒಂದು ಧ್ವಜ, ಒಂದು ನಕ್ಷತ್ರ. ಕಾಲಾಳಿನ ಮೇಲೆ ಹೊಡೆದ್ರೆ ಮೂರು ಮುಖ ಏಟು, ಟ್ಯಾಂಕ್ ಮೇಲೆ ಎರಡೇ ಮುಖ. ಧ್ವಜ ಬಿದ್ರೆ ಸಾಯಲ್ಲ, ಹಿಂದೆ ಸರೀಬೇಕು. ಪಟ್ಟಿ ನೋಡೋ ಕೆಲಸವೇ ಇಲ್ಲ, ಇಡೀ ಪಟ್ಟಿ ದಾಳದ ಮೇಲೇ ಕೆತ್ತಿದೆ. ಮಕ್ಕಳೂ ಐದು ನಿಮಿಷಕ್ಕೆ ಕಲೀತಾರೆ.

ಕರಾವಳಿಕಡೆಯವ:
ಎಲ್ಲ ದಾಳದ್ದೇ ಆಯ್ತು, ಟೋಕನ್ ಕೇಳಿದ್ದಕ್ಕೆ ಯಾರೂ ಉತ್ತರ ಕೊಡ್ಲಿಲ್ಲ.

ಷಡ್ಭುಜ:
ಕೊಡ್ತೀನಿ. ಟೋಕನ್ ಅಂದ್ರೆ ಸೈನ್ಯದ ಗುರುತು ಅಂತ ಮಾತ್ರ ಅಂದ್ಕೋಬೇಡಿ, ಅದು ನಿಮ್ಮ ಆಟದ ನೆನಪಿನ ಪುಸ್ತಕ. ಅರ್ಧ ಇಂಚಿನ ರಟ್ಟಿನ ಚೌಕದ ಮೇಲೆ ಎಷ್ಟು ವಿಷಯ ಹಿಡಿಸ್ತಾರೆ ನೋಡಿ. ಮಧ್ಯೆ ಒಂದು ಪೆಟ್ಟಿಗೆ ಚಿಹ್ನೆ, ಕತ್ತರಿ ಹಾಕಿದ ಹಾಗೆ ಎರಡು ಓರೆ ಗೆರೆ ಇದ್ರೆ ಕಾಲಾಳು, ಒಂದೇ ಓರೆ ಗೆರೆ ಇದ್ರೆ ಕುದುರೆ ಸೈನ್ಯ, ಚುಕ್ಕೆ ಇದ್ರೆ ಫಿರಂಗಿ, ಮೊಟ್ಟೆ ಆಕಾರ ಇದ್ರೆ ಟ್ಯಾಂಕ್ ದಳ. ಕೆಳಗೆ ಎಡಕ್ಕೆ ಯುದ್ಧಬಲ, ಬಲಕ್ಕೆ ಎಷ್ಟು ಮನೆ ನಡೀಬಹುದು. ಏಟು ಬಿದ್ರೆ ತಿರುಗಿಸಿಟ್ರೆ ಹಿಂಬದಿಯಲ್ಲಿ ಕಡಿಮೆ ಬಲ ಬರೆದಿರತ್ತೆ. ಇಷ್ಟೂ ಒಂದು ಉಗುರಿನ ಅಗಲದಲ್ಲಿ. ರಿಸ್ಕ್‌ನಲ್ಲಿ ಕಾಲಾಳು 1, ಕುದುರೆ 5, ಫಿರಂಗಿ 10 ಅಂತ ಚಿಲ್ಲರೆ ಮಾಡ್ಕೊಳ್ತೀವಿ, ಅಲ್ಲಿ ಟೋಕನ್ ಬರೀ ಎಣಿಕೆ. ಆಕ್ಸಿಸ್ ಅಂಡ್ ಅಲೈಸ್‌ನಲ್ಲಿ ಕಾಯಿ ಅಡಿ ಬಣ್ಣದ ಬಿಲ್ಲೆ ಪೇರಿಸೋದೂ ಎಣಿಕೆಗೇ.

ಮೂರನೇ ಥರ ಇದೆ, ನಿಮ್ಮ ಮುತ್ತಿಗೆಗೆ ನಾನು ಹೇಳೋದು ಅದನ್ನೇ. ಮರದ ಬ್ಲಾಕ್. ಕೊಲಂಬಿಯಾ ಗೇಮ್ಸ್‌ನವರ ಕ್ವಿಬೆಕ್ 1759 ಅನ್ನೋ ಆಟದಿಂದ ಬೆಳೆದ ಪದ್ಧತಿ. ಬ್ಲಾಕ್ ನಿಲ್ಲಿಸ್ತೀರಿ, ಚಿತ್ರ ನಿಮ್ಮ ಕಡೆ, ಎದುರಾಳಿಗೆ ಕಾಣೋದು ಬರೀ ಬಣ್ಣದ ಬೆನ್ನು. ನಾಲ್ಕು ಅಂಚಲ್ಲಿ 4, 3, 2, 1 ಅಂತ ಬಲ ಬರೆದಿರತ್ತೆ, ಏಟು ಬಿದ್ದ ಹಾಗೆ ಕಾಲು ಸುತ್ತು ತಿರುಗಿಸೋದು. ಕೋಟೆ ಗೋಡೆ ಹಿಂದೆ ನಿಂತಿರೋದು ತಾಜಾ ದಳವೋ ಸವೆದುಹೋದ ದಳವೋ ಅಂತ ಹೊರಗಿನೋನಿಗೆ ಗೊತ್ತಾಗಲ್ಲ. ದಾಳ ಇಲ್ದೇನೇ ಅನಿಶ್ಚಿತತೆ ಬಂತಲ್ಲ, ಕುದುರೆನಡಿಗೆ ಅವರಿಗೂ ಇದು ಒಪ್ಪಿಗೆ ಆಗ್ಬಹುದು.

ಕುದುರೆನಡಿಗೆ:
ತುಂಬಾ ಒಪ್ಪಿಗೆ. ಸುಳ್ಳು ಬ್ಲಾಕ್ ಒಂದೆರಡು ಇಡಬಹುದಾ, ಖಾಲಿ ಚಿತ್ರದ್ದು?

ಷಡ್ಭುಜ:
ಖಂಡಿತ ಇಡಿ. ತುಂಬಾ ಇಡಬೇಡಿ ಅಷ್ಟೇ, ಯಾರೂ ಯಾವುದನ್ನೂ ನಂಬಲ್ಲ ಆಮೇಲೆ.

ತೋಪುಖಾನೆ:
ಈಗ ಶ್ರೀರಂಗಪಟ್ಟಣಕ್ಕೇ ಬರೋಣ. ಎಲ್ಲಿ ದಾಳ ಎಲ್ಲಿ ಟೋಕನ್ ಅನ್ನೋದನ್ನ ಅಲ್ಲಿ ನಡೆದಿದ್ದೇ ಹೇಳತ್ತೆ. ಏಪ್ರಿಲ್ ಮೊದಲ ವಾರ ಬ್ರಿಟಿಷ್ ಸೇನಾಪತಿ ಹ್ಯಾರಿಸ್ ಸೈನ್ಯ ಬಂದು ಕೂತಿದ್ದು, ಮೇ 4ರ ಮಧ್ಯಾಹ್ನ ಅವರದೇ ಅಧಿಕಾರಿ ಬೇರ್ಡ್ ನೇತೃತ್ವದಲ್ಲಿ ಲಗ್ಗೆ. ಒಂದು ತಿಂಗಳು. ಅವರ ತಲೆ ಮೇಲೆ ಇದ್ದ ಕತ್ತಿ ಮಳೆ ಮತ್ತೆ ಧಾನ್ಯದ ಕೊರತೆ. ಬೇಸಿಗೆಯಲ್ಲಿ ಕಾವೇರಿ ದಾಟಬಹುದಿತ್ತು, ಮುಂಗಾರು ಬಂದು ನೀರು ಏರಿದ್ರೆ ಮುಗೀತು. ಇದಕ್ಕೆ ದಾಳ ಬೇಡ, ದಿನಗಳ ಪಟ್ಟಿ ಮೇಲೆ ಒಂದು ಟೋಕನ್ ನಡೆಸಿ, ಇಬ್ರಿಗೂ ಕಾಣ್ಲಿ. ಗೋಡೆ ಒಡೆಯೋದು ದಿನಾ ಫಿರಂಗಿ ಹೊಡೆದು ಸವೆಸೋ ಕೆಲಸ, ಅಲ್ಲಿ ದಿನಕ್ಕಿಷ್ಟು ದಾಳ ಹಾಕಿ ಕೂಡಿಸ್ತಾ ಹೋಗಿ, ಮೇಷ್ಟ್ರು ಹೇಳಿದ ಹಾಗೆ ಹತ್ತು ಹದಿನೈದು ದಾಳ ಕೂಡೋ ಹೊತ್ತಿಗೆ ಸರಾಸರಿಗೇ ಬರತ್ತೆ. ಒಂದು ಕೆಟ್ಟ ದಾಳದಿಂದ ಯಾರೂ ಸಾಯಲ್ಲ. ಆದ್ರೆ ಮೇ 2ಕ್ಕೆ ಏನಾಯ್ತು? ಒಂದು ಗುಂಡು ಕೋಟೆ ಒಳಗಿನ ರಾಕೆಟ್ ಉಗ್ರಾಣಕ್ಕೆ ತಗುಲಿ ಭಾರೀ ಸ್ಫೋಟ. ಅಂಥದ್ದಕ್ಕೆ ಒಂದು ಸಣ್ಣ ಕಿಂಡಿ ಬಿಡ್ಲೇಬೇಕು, ಎರಡು ದಾಳದಲ್ಲಿ 12 ಬಿದ್ರೆ ಅಂತ ಇಡಿ, 36ಕ್ಕೆ ಒಂದ್ಸಲ.

ಕೋಟೆಬಾಗಿಲು:
ಇದು ಚೆನ್ನಾಗಿದೆ. ಮೈಸೂರು ಕಡೆಯ ರಾಕೆಟ್‌ಗೆ ಹೇಗೆ ಇಡ್ಲಿ? ಫಿರಂಗಿ ಥರಾನೇ ಬಲ ಕೊಟ್ಟು ನೋಡಿದ್ವಿ, ಸರಿ ಅನ್ನಿಸ್ತಿಲ್ಲ.

ತೋಪುಖಾನೆ:
ಫಿರಂಗಿ ಥರ ಇಟ್ರೆ ಅನ್ಯಾಯ. ರಾಕೆಟ್ ಗುರಿ ಇಟ್ಟ ಕಡೆಗೇ ಹೋಗ್ತಿತ್ತು ಅಂತಿಲ್ಲ, ಆದ್ರೆ ರಾತ್ರಿ ಹೊತ್ತು ಉರ್ಕೊಂಡು ಬಂದು ಬಿದ್ರೆ ಸಾಲು ಒಡೆದೋಗ್ತಿತ್ತು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿದ ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್‌ನ ಸೋಲಿಸಿದ ಅದೇ ವೆಲ್ಲೆಸ್ಲಿ, ಕತ್ತಲಲ್ಲಿ ರಾಕೆಟ್ ಮತ್ತು ಬಂದೂಕಿನ ಹೊಡೆತಕ್ಕೆ ದಿಕ್ಕು ತಪ್ಪಿ ಹಿಂದೆ ಸರಿದ. ಬೆಳಗಾದ ಮೇಲೆ ಹೆಚ್ಚು ಪಡೆ ತಂದು ಅದೇ ತೋಪು ಹಿಡಿದ. ಅಂದ್ರೆ ರಾಕೆಟ್ ದಳವನ್ನ ಕೊಲ್ಲೋದಕ್ಕಿಂತ ಕಂಗೆಡಿಸೋದು ಹೆಚ್ಚು, ಅದೂ ರಾತ್ರಿ.

ನಾನಾದ್ರೆ ಹೀಗೆ ಮಾಡ್ತೀನಿ. ರಾಕೆಟ್‌ಗೆ ಮೂರು ದಾಳ. 6 ಬಿದ್ರೆ ಒಂದು ಏಟು. 4, 5 ಬಿದ್ರೆ ಏಟಿಲ್ಲ, ಎದುರು ದಳದ ಮೇಲೆ ಒಂದು ಗಲಿಬಿಲಿ ಟೋಕನ್. ಎರಡು 1 ಒಟ್ಟಿಗೆ ಬಿದ್ರೆ ದಿಕ್ಕು ತಪ್ಪಿ ಪಕ್ಕದ ಹೆಕ್ಸ್‌ಗೆ. ಗಲಿಬಿಲಿ ಟೋಕನ್ ಇರೋ ದಳ ಮುಂದಿನ ಸರದಿ ಒಂದು ಮನೆ ಕಡಿಮೆ ನಡೀಬೇಕು, ಲಗ್ಗೆ ಹಾಕಿದ್ರೆ ಒಂದು ದಾಳ ಕಡಿಮೆ. ರಾತ್ರಿ ಸರದಿಯಲ್ಲಿ 3 ಬಿದ್ರೂ ಗಲಿಬಿಲಿ. ಸುಮ್ಮನೆ ಒಂದು ಸರದಿ ನಿಂತ್ರೆ ಟೋಕನ್ ತೆಗೀಬಹುದು.

ಗಣಿತದಮೇಷ್ಟ್ರು:
ಲೆಕ್ಕ ಹಾಕಿದೆ. ಹಗಲು ಮೂರು ದಾಳದಲ್ಲಿ ಸರಾಸರಿ ಅರ್ಧ ಏಟು, ಒಂದು ಗಲಿಬಿಲಿ. ರಾತ್ರಿ ಒಂದೂವರೆ ಗಲಿಬಿಲಿ. ಮೂರರಲ್ಲಿ ಕನಿಷ್ಠ ಎರಡು 1 ಬೀಳೋದು 216ಕ್ಕೆ 16 ಸಲ, ಶೇ. 7ರ ಆಸುಪಾಸು. ಸರಿಯಾಗೇ ಇದೆ. ಒಂದು ದಳದ ಮೇಲೆ ಎರಡು ಗಲಿಬಿಲಿಗಿಂತ ಹೆಚ್ಚು ಕೂರಬಾರದು ಅಂತ ಮಿತಿ ಹಾಕಿ, ಇಲ್ದಿದ್ರೆ ಎರಡು ಮೂರು ರಾಕೆಟ್ ದಳ ಸೇರಿ ಒಂದೇ ಕಡೆ ಹೊಡೆದು ಸೈನ್ಯವನ್ನ ಅಲ್ಲಾಡದ ಹಾಗೆ ಮಾಡ್ಬಹುದು.

ಕುದುರೆನಡಿಗೆ:
ಇದು ನನಗೆ ಇಷ್ಟ ಆಯ್ತು. ದಾಳ ಬಿದ್ದ ಮೇಲೂ ಎದುರಾಳಿಗೆ ಆಯ್ಕೆ ಉಳಿದಿದೆ, ನಿಂತು ಸುಧಾರಿಸ್ಕೊಳ್ಳೋದಾ, ಗಲಿಬಿಲಿಯಲ್ಲೇ ನುಗ್ಗೋದಾ. ಮಳೆ ಟೋಕನ್ ಬೇರೆ ಮುಂದೆ ಹೋಗ್ತಿರತ್ತೆ. ಲಗ್ಗೆಗೆ ಮಾತ್ರ ಒಂದೇ ದಾಳ ಇಡಬೇಡಿ ಅಂತ ನನ್ನ ಹಠ ಹಾಗೇ ಇದೆ.

ಕೋಟೆಬಾಗಿಲು:
ಲಗ್ಗೆಗೆ ಬ್ಲಾಕ್ ಬಲದಷ್ಟು ದಾಳ, ಮೂರು ಸುತ್ತು, ಪ್ರತಿ ಸುತ್ತಿನ ಮಧ್ಯೆ ಹಿಂದೆ ಸರಿಯೋ ಅವಕಾಶ. ಹೀಗಿದ್ರೆ?

ಕುದುರೆನಡಿಗೆ:
ಓಕೆ. ಆಡಿ ನೋಡೋಣ.

ಕವಡಿಕಾಯಿ:
2018ರಾಗ ಶಿವಮೊಗ್ಗ ಜಿಲ್ಲಾದ ನಗರ ಅನ್ನೂ ಊರಾಗ ಹಳೇ ಬಾವಿ ಒಳಗ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಿದ್ವಲ್ರೀ, ಕಬ್ಬಿಣದ ಕೊಳವಿ. ಟೋಕನ್ ಚಿತ್ರಕ್ಕ ಅದರ ಆಕಾರನ ಬರೀರಿ, ಈಗಿನ ದೀಪಾವಳಿ ರಾಕೆಟ್ ಬರದು ಇಡಬ್ಯಾಡ್ರಿ.

ಹಡಗುಗಾರ:
ದರಿಯಾ ದೌಲತ್ ಗೋಡೆ ಮೇಲಿನ ಪೊಲ್ಲಿಲೂರು ಯುದ್ಧದ ಚಿತ್ರದಿಂದ ಸಮವಸ್ತ್ರದ ಬಣ್ಣ ತಗೊಳ್ಳಿ, ಮೈಸೂರು ಬ್ಲಾಕ್‌ಗಳಿಗೆ ಚೆನ್ನಾಗಿರತ್ತೆ. ಅದು 1780ರ ಯುದ್ಧ, ಆದ್ರೂ ಹತ್ತಿರ.

ಸುಮ್ನೆಓದುವವ:
ಒಂದು ಸಣ್ಣ ಪ್ರಶ್ನೆ, ದಾಳ ಸರಿ ಇದ್ಯಾ ಅಂತ ಹೇಗೆ ನೋಡೋದು? ನಮ್ಮನೇಲಿರೋ ಒಂದು ದಾಳದಲ್ಲಿ 6 ಜಾಸ್ತಿ ಬೀಳತ್ತೆ ಅಂತ ಎಲ್ರಿಗೂ ಅನುಮಾನ.

ಗಣಿತದಮೇಷ್ಟ್ರು:
ಗಾಜಿನ ಲೋಟದಲ್ಲಿ ನೀರಿಗೆ ಉಪ್ಪು ಕರಗಿಸ್ತಾ ಹೋಗಿ, ದಾಳ ತೇಲೋವರೆಗೂ. ಬೆರಳಲ್ಲಿ ತಿರುಗಿಸಿ ಬಿಡಿ. ಪ್ರತಿ ಸಲ ಒಂದೇ ಮುಖ ಮೇಲೆ ಬಂದ್ರೆ ಒಳಗೆ ಗಾಳಿಗುಳ್ಳೆ ಇದೆ. ಎಲ್ಲ ದಾಳವೂ ತೇಲಲ್ಲ, ಭಾರದ ಪ್ಲಾಸ್ಟಿಕ್ ಆದ್ರೆ ಮುಳುಗೇ ಇರತ್ತೆ, ಆಗ ಕೂತು ಉರುಳಿಸಿ ಬರ್ಕೊಳ್ಳೋದೇ ದಾರಿ. ಹತ್ತಿಪ್ಪತ್ತು ಸಲ ಉರುಳಿಸಿ ತೀರ್ಮಾನ ಮಾಡ್ಬೇಡಿ, ಕೆಲವು ನೂರು ಸಲವಾದ್ರೂ ಬೇಕು. ಹಾಗೇ ಎದುರುಬದುರು ಮುಖ ಕೂಡಿಸಿದ್ರೆ 7 ಬರತ್ತಾ ಅಂತಲೂ ನೋಡಿ, ಬರ್ದಿದ್ರೆ ಅಚ್ಚೇ ಸರಿ ಇಲ್ಲ.

ಕೋಟೆಬಾಗಿಲು:
ಕೊನೇ ಪ್ರಶ್ನೆ, ಗಲಿಬಿಲಿ ಟೋಕನ್‌ಗೆ ರಟ್ಟು ಎಷ್ಟು ದಪ್ಪ? ಮನೇಲಿ ಕತ್ತರಿಸಿದ್ದು ಎಲ್ಲ ಮೂಲೆ ಎದ್ದು ಒಂದಕ್ಕೊಂದು ಸಿಕ್ಕಾಕ್ಕೊಳ್ತಿದೆ.

ಷಡ್ಭುಜ:
2 ಮಿಲಿಮೀಟರ್ ಬೂದು ಬೋರ್ಡ್, ಬುಕ್ ಬೈಂಡಿಂಗ್ ಅಂಗಡಿಯಲ್ಲಿ ಸಿಗತ್ತೆ. ಕತ್ತರಿ ಬೇಡ, ಸ್ಟೀಲ್ ಪಟ್ಟಿ ಇಟ್ಟು ಬ್ಲೇಡ್‌ನಲ್ಲಿ ಹಗುರವಾಗಿ ನಾಲ್ಕೈದು ಸಲ ಎಳೀರಿ. ಆಮೇಲೆ ನಾಲ್ಕೂ ಮೂಲೆ ಉಗುರು ಕತ್ತರಿಯಲ್ಲಿ ಸ್ವಲ್ಪ ದುಂಡಗೆ ಮಾಡಿ, ಪೇರಿಸಿದಾಗ ಸಿಕ್ಕಾಕ್ಕೊಳ್ಳಲ್ಲ. ಬ್ಲಾಕ್ ಮುಂದೆ ಮಲಗಿಸಿಡಿ, ಮೇಲೆ ಇಟ್ರೆ ಬಿದ್ದೋಗತ್ತೆ.

ಕರಾವಳಿಕಡೆಯವ:
ದಾಳ ಒಂದು ತಟ್ಟೆಯಲ್ಲಿ ಉರುಳಿಸಿ, ತಟ್ಟೆ ಹೊರಗೆ ಬಿದ್ದದ್ದು, ಓರೆ ನಿಂತದ್ದು ಮತ್ತೆ ಹಾಕ್ಬೇಕು ಅಂತ ನಿಯಮದಲ್ಲೇ ಬರೆದಿಡಿ. ನಕ್ಷೆ ಮೇಲೆ ಉರುಳಿಸಿದ್ರೆ ನಿಲ್ಲಿಸಿದ ಬ್ಲಾಕ್ ಬಿದ್ದು ಚಿತ್ರ ಎಲ್ಲ ಎದುರಿನವನಿಗೆ ಕಾಣ್ತದೆ.